ಟ್ಯಾಂಕಿನ ತಳದಲ್ಲಿ ನಿಂತ ನೀರು

(ಮಲೆನಾಡಿನ ಅಡಿಕೆ ಬೆಳೆಗಾರರ ಸಭೆಯೊಂದರಲ್ಲಿ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಹೋದ ಜೂನ್ ತಿಂಗಳ ಒಂದು ಬೆಳಿಗ್ಗೆ ನಾನು ನನ್ನ ಮಷೀನ್ ರಿಪೇರಿ ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಐದು ಜನ ಸ್ಪ್ರೇಯರ್ ಇಟ್ಟುಕೊಂಡು ಕಾಯುತ್ತಿದ್ದರು. ಮೂರು ದಿನದಿಂದ ಹೊಡೆದ ಮಳೆ ಹಿಂದಿನ ರಾತ್ರಿ ನಿಂತಿತ್ತು. ಆಕಾಶ ಸ್ವಲ್ಪ ಬಿಳುಪಾಗಿತ್ತು. ಕೊಳೆ ರೋಗ ತಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ನೆನೆ ಹಾಕಿದ್ದಾರೆ, ಸುಣ್ಣ ಕರಗಿಸಿದ್ದಾರೆ, ಮರ ಹತ್ತುವ ಕೊನೆಗಾರನಿಗೆ ಬರಲು ಹೇಳಿ ಆಗಿದೆ. ಮಷೀನ್ ಮಾತ್ರ ಸ್ಟಾರ್ಟ್ ಆಗುತ್ತಿಲ್ಲ. ಮಳೆ ಬಿಟ್ಟು ಬೋರ್ಡೋ ಹೊಡೆಯಲು ಸಿಗುವ ಹೊಳವು ಎಷ್ಟು ಹೊತ್ತಿನದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಅರ್ಧ ದಿನ ತಪ್ಪಿದರೆ ಕೊಳೆ ಯಾರ ತೋಟಕ್ಕೂ ಕಾಯುವುದಿಲ್ಲ.

ಆ ಐದು ಮಷೀನಿನಲ್ಲಿ ಮೂರಕ್ಕೆ ಒಂದೇ ಕಾಯಿಲೆ. ಟ್ಯಾಂಕಿನಲ್ಲಿ ನೀರು. ಟ್ಯಾಂಕಿನಲ್ಲಿದ್ದದ್ದನ್ನು ಗಾಜಿನ ಜಾಡಿಗೆ ಬಗ್ಗಿಸಿದ್ದೆ. ಒಬ್ಬರು ಹಿರಿಯರು ನನ್ನ ಕೈಯಲ್ಲಿದ್ದ ಆ ಜಾಡಿ ನೋಡಿ, "ಅಲ್ಲ ಮಾರಾಯಾ, ನಾನ್ಯಾಕೆ ನೀರು ಹಾಕಲಿ? ಹೋದ ವರ್ಷ ಬಂಕಿನಿಂದ ತಂದ ಪೆಟ್ರೋಲೇ ಅದು" ಅಂದರು. "ನೀವು ಹಾಕಿಲ್ಲ ಅಜ್ಜಾ, ಆದರೆ ಬಂದಿದೆ" ಅಂದೆ. ಹೇಗೆ ಬಂತು ಅಂತ ಅವರು ಕೇಳಿದಾಗ ಐದು ಜನರ ಗಡಿಬಿಡಿಯಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಆ ಉತ್ತರವನ್ನು ಇವತ್ತು ನಿಧಾನವಾಗಿ ಹೇಳುತ್ತೇನೆ. ಈಗ ನವೆಂಬರ್ ಮುಗಿಯುತ್ತಿದೆ. ಸ್ಪ್ರೇಯರ್ ಆಗಲೇ ಮೂಲೆ ಸೇರಿದೆ. ಹುಲ್ಲು ಕೊಚ್ಚುವ ವೀಡ್ ಕಟರ್ ಇನ್ನೇನು ಸೇರುತ್ತದೆ. ಜೂನ್‌ನಲ್ಲಿ ಆಗುವ ತೊಂದರೆಗೆ ಮದ್ದು ಮಾಡುವ ಕಾಲ ಇದೇ.

ಮೊದಲು ಪೆಟ್ರೋಲ್ ಬಗ್ಗೆ ಎರಡು ಮಾತು. ನಾವು ಚಿಕ್ಕವರಿದ್ದಾಗ ಇದ್ದ ಪೆಟ್ರೋಲ್ ಈಗ ಇಲ್ಲ. 2022ರ ಹೊತ್ತಿಗೆ ದೇಶದಲ್ಲಿ ಪೆಟ್ರೋಲಿಗೆ ನೂರಕ್ಕೆ 10 ಭಾಗ ಎಥನಾಲ್ ಸೇರಿಸುವುದು ಸಾಮಾನ್ಯವಾಯಿತು. 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ 20 ಭಾಗ ಎಥನಾಲ್ ಇರುವ ಪೆಟ್ರೋಲನ್ನು ಬಿಡುಗಡೆ ಮಾಡಿದರು. ಅದಕ್ಕೇ ಇ20 ಅನ್ನುವುದು. ಈಗ ಬಂಕಿನಲ್ಲಿ ನಮಗೆ ಸಿಗುವುದು ಹೆಚ್ಚಾಗಿ ಅದೇ. ಎಥನಾಲ್ ಅಂದರೆ ಮದ್ಯಸಾರ. ಕಬ್ಬಿನಿಂದ, ಧಾನ್ಯದಿಂದ ತೆಗೆಯುತ್ತಾರೆ. ನಮ್ಮ ಮಂಡ್ಯ, ಬೆಳಗಾವಿ ಕಡೆಯ ಕಬ್ಬು ಬೆಳೆಗಾರರಿಗೆ ಅದರಿಂದ ಅನುಕೂಲ ಇದೆ. ಎಥನಾಲ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರ ಗುಣ ಬೇರೆ. ಅದಕ್ಕೆ ತಕ್ಕ ಹಾಗೆ ನಮ್ಮ ಅಭ್ಯಾಸ ಬದಲಾಗಿಲ್ಲ, ಅಷ್ಟೇ.

ಗುಣ ಏನು ಅಂದರೆ, ಎಥನಾಲಿಗೆ ನೀರು ಅಂದರೆ ಬಹಳ ಇಷ್ಟ. ಬರೀ ಪೆಟ್ರೋಲು ನೀರನ್ನು ಹತ್ತಿರ ಸೇರಿಸುವುದಿಲ್ಲ. ನೀರು ಬಿದ್ದರೆ ತಳಕ್ಕೆ ಹೋಗಿ ಗುಂಡಗೆ ಕೂತಿರುತ್ತದೆ. ಎಥನಾಲ್ ಇದ್ದರೆ ಹಾಗಲ್ಲ. ಬಿದ್ದ ನೀರನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಒಂದು ಮಿತಿಯವರೆಗೆ ಇದರಿಂದ ಒಳ್ಳೆಯದೇ, ಆ ಚೂರು ನೀರು ಪೆಟ್ರೋಲಿನ ಜೊತೆ ಎಂಜಿನ್ನಿಗೆ ಹೋಗಿ ಆವಿಯಾಗಿ ಹೊರಗೆ ಹೋಗುತ್ತದೆ. ಮಿತಿ ದಾಟಿದಾಗ ಆಟ ಉಲ್ಟಾ. ಈಗ ನೀರೇ ಎಥನಾಲನ್ನು ಎಳೆದುಕೊಂಡು ಪೆಟ್ರೋಲಿನಿಂದ ಬಿಟ್ಟು ಕೆಳಗೆ ಇಳಿಯುತ್ತದೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದೇ ಸರಿ.

(ಮೇಜಿನ ಮೇಲೆ ಗಾಜಿನ ಅಳತೆ ಜಾಡಿ, ಒಂದು ಸಿರಿಂಜ್, ನೀಲಿ ಶಾಯಿ ಬೆರೆಸಿದ ನೀರು ಇಟ್ಟಿದ್ದೆ. ಕಿಟಕಿ ಎಲ್ಲ ತೆಗೆಸಿದ್ದೆ.)

ನೋಡಿ, ಇದು 100 ಎಂ.ಎಲ್. ಪೆಟ್ರೋಲ್. ನಿನ್ನೆ ಬಂಕಿನಿಂದ ತಂದದ್ದು. ಸಿರಿಂಜಿನಿಂದ ಎರಡು ಹನಿ ನೀರು ಬಿಡುತ್ತೇನೆ. ಮುಚ್ಚಿ ಅಲ್ಲಾಡಿಸುತ್ತೇನೆ. ನೀರೆಲ್ಲಿ? ಕಾಣುವುದಿಲ್ಲ. ಇನ್ನೆರಡು ಹನಿ. ಈಗಲೂ ತಿಳಿಯಾಗಿಯೇ ಇದೆ. ಹೀಗೇ ಬಿಡುತ್ತಾ ಹೋದರೆ... ಈಗ ನೋಡಿ. ಮಂಜು ಕಟ್ಟಿತು, ಅಲ್ವಾ? ಅಕ್ಕಿ ತೊಳೆದ ನೀರಿನ ಹಾಗೆ ಮಬ್ಬಾಯಿತು. ಮಿತಿ ದಾಟಿತು ಅಂತ ಅರ್ಥ. ಈಗ ಒಟ್ಟು 10 ಎಂ.ಎಲ್. ಆಗುವಷ್ಟು ನೀರು ಹಾಕಿ, ಅಲ್ಲಾಡಿಸಿ, ಸ್ವಲ್ಪ ಹೊತ್ತು ಬಿಡೋಣ.

ಹಿಂದಿನ ಸಾಲಿನವರಿಗೂ ಕಾಣಲಿ ಅಂತ ಎತ್ತಿ ಹಿಡಿಯುತ್ತೇನೆ. ಮಧ್ಯದಲ್ಲಿ ಗೆರೆ ಹೊಡೆದ ಹಾಗೆ ಎರಡು ಪದರ. ಮೇಲೆ ಪೆಟ್ರೋಲ್, ಕೆಳಗೆ ನೀಲಿ. ನಾನು ಹಾಕಿದ ನೀರು 10 ಎಂ.ಎಲ್. ಕೆಳಗಿನ ನೀಲಿ ಪದರ ಎಷ್ಟಿದೆ? ಮುಂದಿನ ಸಾಲಿನ ತಂಗಿ, ನೀನೇ ಓದಿ ಹೇಳು. 25ರ ಗೆರೆ ದಾಟಿದೆ. ಹತ್ತು ಹಾಕಿದ್ದಕ್ಕೆ ಇಪ್ಪತ್ತೈದು ಹೇಗಾಯಿತು? ಪೆಟ್ರೋಲಿನಲ್ಲಿದ್ದ ಎಥನಾಲೂ ನೀರಿನ ಜೊತೆ ಇಳಿದು ಬಂದಿದೆ.

ಈಗ ಇದೇ ಜಾಡಿಯನ್ನು ನಿಮ್ಮ ವೀಡ್ ಕಟರಿನ ಟ್ಯಾಂಕ್ ಅಂತ ತಿಳಿಯಿರಿ. ಪೈಪಿನ ತುದಿಗೆ ಭಾರದ ಫಿಲ್ಟರ್ ಇರುತ್ತದಲ್ಲ, ಅದು ಎಲ್ಲಿ ಮಲಗಿರುತ್ತದೆ? ತಳದಲ್ಲಿ. ಟ್ಯಾಂಕಿನಲ್ಲಿ ಮುಕ್ಕಾಲು ಪಾಲು ಪೆಟ್ರೋಲೇ ಇದ್ದರೂ ಎಂಜಿನ್ ಕುಡಿಯುವುದು ಆ ನೀಲಿ ಪದರವನ್ನೇ. ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಟೂ ಸ್ಟ್ರೋಕ್ ಮಷೀನಿಗೆ ಇದು ಇನ್ನೂ ಜಾಸ್ತಿ ಅಪಾಯ. ನೀವು ಲೀಟರಿಗೆ 20 ಎಂ.ಎಲ್. ಹಾಕುತ್ತೀರೋ 40 ಹಾಕುತ್ತೀರೋ, ಆ ಆಯಿಲ್ ಮೇಲಿನ ಪೆಟ್ರೋಲಿನ ಜೊತೆಯೇ ಉಳಿಯುತ್ತದೆ. ಕೆಳಗಿನ ಪದರದಲ್ಲಿ ಆಯಿಲ್ ಇಲ್ಲ. ಹೆಚ್ಚಿನ ಸಲ ಎಂಜಿನ್ ಸ್ಟಾರ್ಟೇ ಆಗುವುದಿಲ್ಲ, ಬಚಾವ್. ಹಗ್ಗ ಎಳೆದು ಎಳೆದು ಹೇಗೋ ಸ್ಟಾರ್ಟ್ ಮಾಡಿ ಓಡಿಸಿದರೆ ಪಿಸ್ಟನ್ ಒಣಗಿ ಓಡುತ್ತದೆ. ಮೈಯೆಲ್ಲ ಗೀರು ಬಿದ್ದ ಪಿಸ್ಟನ್ ಒಂದು ತಂದಿದ್ದೇನೆ, ಒಬ್ಬರಿಂದ ಒಬ್ಬರಿಗೆ ದಾಟಿಸಿ. ಉಗುರು ಆಡಿಸಿ ನೋಡಿ, ಗೊತ್ತಾಗುತ್ತದೆ.

ಇನ್ನು ಅಜ್ಜ ಕೇಳಿದ ಪ್ರಶ್ನೆ. ನೀರು ಎಲ್ಲಿಂದ ಬಂತು?

ಯಾರನ್ನು ಕೇಳಿದರೂ "ಥಂಡಿಗೆ ಒಳಗೆ ಬೆವರುತ್ತದೆ" ಅನ್ನುತ್ತಾರೆ. ಸುಳ್ಳಲ್ಲ. ಹಗಲು ಟ್ಯಾಂಕ್ ಬಿಸಿಯಾಗಿ ಗಾಳಿ ಹೊರಗೆ ಹೋಗುತ್ತದೆ, ರಾತ್ರಿ ತಣ್ಣಗಾಗಿ ಹೊರಗಿನ ಗಾಳಿ ಒಳಗೆ ಬರುತ್ತದೆ. ಟ್ಯಾಂಕ್ ಉಸಿರಾಡುತ್ತದೆ. ಆ ಗಾಳಿಯ ಜೊತೆ ತೇವವೂ ಬರುತ್ತದೆ. ಆದರೆ ಎಷ್ಟು? ನಾನು ಒಮ್ಮೆ ಕೂತು ಲೆಕ್ಕ ಹಾಕಿದೆ. ಮೂವತ್ತು ಡಿಗ್ರಿ ಸೆಕೆಯಲ್ಲಿ, ಇನ್ನು ಹಿಡಿಯಲಾರೆ ಅನ್ನುವಷ್ಟು ತೇವ ತುಂಬಿದ ಗಾಳಿ ಒಂದು ಲೀಟರ್ ತೆಗೆದುಕೊಂಡರೆ ಅದರಲ್ಲಿರುವ ನೀರು ಸುಮಾರು 30 ಮಿಲಿಗ್ರಾಂ. ಒಂದು ಹನಿ ನೀರು ತೂಗುವುದು ಸುಮಾರು 50 ಮಿಲಿಗ್ರಾಂ. ಅಂದರೆ ನಮ್ಮ ಆಟಿ ತಿಂಗಳ ಮಳೆಗಾಳಿಯನ್ನೇ ಒಂದು ಲೀಟರ್ ಹಿಂಡಿದರೂ ಒಂದು ಪೂರ್ತಿ ಹನಿ ಬೀಳುವುದಿಲ್ಲ. ವೀಡ್ ಕಟರಿನ ಪುಟ್ಟ ಟ್ಯಾಂಕ್ ದಿನಕ್ಕೆ ಉಸಿರಾಡುವುದು ಅದರಲ್ಲಿ ಒಂದು ಚೂರು ಪಾಲು. ಮುಚ್ಚಳ ಸರಿ ಇದ್ದರೆ ಇಡೀ ಮಳೆಗಾಲಕ್ಕೂ ಕೆಲವು ಹನಿಯಷ್ಟೇ ಆದೀತು.

ಹಾಗಾದರೆ ನನ್ನ ಜಾಡಿಗೆ ಇಳಿದ ಅಷ್ಟು ನೀರು? ಅದು ನಮ್ಮ ಕೈಯಿಂದಲೇ ಬಂದದ್ದು. ಇವತ್ತು ನಾನು ಒತ್ತಿ ಹೇಳಬೇಕಾದ ಮಾತು ಇದೊಂದೇ.

ವೀಡ್ ಕಟರಿನ ಮುಚ್ಚಳ ನೋಡಿ. ಸುತ್ತಲೂ ಒಂದು ಸಣ್ಣ ತಗ್ಗು ಇದೆ. ಮಳೆಯಲ್ಲಿ ಹುಲ್ಲು ಕೊಚ್ಚುವಾಗ ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಜೊತೆಗೆ ಹುಲ್ಲಿನ ಚೂರು, ಕೆಸರು. ಪೆಟ್ರೋಲ್ ಮುಗಿಯಿತು, ಮುಚ್ಚಳ ತಿರುಗಿಸಿದಿರಿ. ಆ ನೀರೆಲ್ಲ ಸೀದಾ ಒಳಗೆ. ಈ ಮುಚ್ಚಳದ ತಗ್ಗಿಗೆ ಸಿರಿಂಜಿನಿಂದ ನೀರು ತುಂಬಿಸಿ ಅಳೆದಿದ್ದೇನೆ. ಸುಮಾರು ಒಂದು ಟೀ ಚಮಚ ಹಿಡಿಯಿತು. ಒಂದು ಟೀ ಚಮಚ ಅಂದರೆ 5 ಎಂ.ಎಲ್. ನೂರಕ್ಕೆ 10 ಎಥನಾಲ್ ಇರುವ ಪೆಟ್ರೋಲ್ ಲೀಟರಿಗೆ ತಡೆದುಕೊಳ್ಳುವ ನೀರು ಹೆಚ್ಚು ಕಡಿಮೆ ಅಷ್ಟೇ. ಇ20 ಇನ್ನೂ ಸ್ವಲ್ಪ ಜಾಸ್ತಿ ತಡೆಯುತ್ತದೆ. ಆದರೆ ಬಿಸಿ ಇದ್ದಾಗ ತಡೆದದ್ದನ್ನು ಥಂಡಿಯಲ್ಲಿ ತಡೆಯುವುದಿಲ್ಲ. ಸಂಜೆ ತಿಳಿಯಾಗಿದ್ದ ಪೆಟ್ರೋಲ್ ಡಿಸೆಂಬರಿನ ಬೆಳಗಿನ ಜಾವ ಮಬ್ಬಾಗಿರುವುದನ್ನು ನಾನೇ ನೋಡಿದ್ದೇನೆ.

ಎರಡನೆಯದು ಆಲಿಕೆ. ಬಚ್ಚಲ ಕಟ್ಟೆಯ ಮೇಲೆ ಬಿದ್ದಿದ್ದ ಆಲಿಕೆ, ಬೋರ್ಡೋ ಸೋಸಿದ ಆಲಿಕೆ, ಹಾಗೇ ತಂದು ಪೆಟ್ರೋಲಿಗೆ ಇಡುತ್ತೇವೆ. ಪೆಟ್ರೋಲಿಗೆ ಬೇರೆಯದೇ ಆಲಿಕೆ ಇರಲಿ. ಕ್ಯಾನಿನ ಕಿವಿಗೆ ದಾರದಲ್ಲಿ ಕಟ್ಟಿಬಿಡಿ, ಇನ್ನೊಂದು ಕೆಲಸಕ್ಕೆ ಹೋಗುವುದಿಲ್ಲ.

ಮೂರನೆಯದು ಕ್ಯಾನ್. ಇದರಲ್ಲಿ ನನ್ನದೇ ಅನುಭವ ಇದೆ. ನಮ್ಮ ಮನೆ ಜಗಲಿಯ ಅಂಚಿನಲ್ಲಿ ಒಂದು ಕ್ಯಾನ್ ಇಟ್ಟಿದ್ದೆ. ಮುಚ್ಚಳ ಹಾಕಿಯೇ ಇಟ್ಟಿದ್ದೆ. ಸೂರಿನ ನೀರು ಹನಿಹನಿಯಾಗಿ ಸರಿಯಾಗಿ ಆ ಮುಚ್ಚಳದ ಮೇಲೇ ಬೀಳುತ್ತಿತ್ತು. ಮುಚ್ಚಳದ ಒಳಗಿನ ರಬ್ಬರ್ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದು ನನಗೆ ಗೊತ್ತಿರಲಿಲ್ಲ. ಹಗಲು ಬಿಸಿಲಿಗೆ ಕ್ಯಾನ್ ಉಬ್ಬುವುದು, ಸಂಜೆ ಮಳೆಗೆ ಕುಗ್ಗುವುದು. ಕುಗ್ಗುವಾಗ ಮುಚ್ಚಳದ ಮೇಲೆ ನಿಂತ ನೀರನ್ನು ಒಳಗೆ ಹೀರಿಕೊಂಡಿದೆ. ಒಂದೇ ವಾರದಲ್ಲಿ ಅರ್ಧ ಲೋಟ ನೀರು. ಅದೇ ಕ್ಯಾನಿನಿಂದ ತಮ್ಮನ ಬೈಕಿಗೂ ಹಾಕಿ ಕಳಿಸಿದ್ದೆ. ಘಾಟಿಯ ಮಧ್ಯ, ಕತ್ತಲಲ್ಲಿ, ಅವನ ಗಾಡಿ ನಿಂತಿತು. ಆಮೇಲಿನಿಂದ ನಾನು ವರ್ಷಕ್ಕೊಮ್ಮೆ ಎಲ್ಲ ಮುಚ್ಚಳದ ವಾಷರ್ ಕೈಯಿಂದ ಒತ್ತಿ ನೋಡುತ್ತೇನೆ. ಮೆತ್ತಗಿಲ್ಲ ಅಂದರೆ ಬದಲಿಸುತ್ತೇನೆ.

ಕ್ಯಾನು ಲೋಹದ್ದೇ ಇರಲಿ. ಕೂಲ್ ಡ್ರಿಂಕ್ಸ್ ಬಾಟಲಿಯಲ್ಲಿ ಇಡುವುದನ್ನು ದಯವಿಟ್ಟು ಬಿಡಿ, ಮಕ್ಕಳಿರುವ ಮನೆ. ಲೈಸೆನ್ಸ್ ಇಲ್ಲದೆ ಮನೆ ಬಳಕೆಗೆ 30 ಲೀಟರಿಗಿಂತ ಜಾಸ್ತಿ ಪೆಟ್ರೋಲ್ ಇಡುವ ಹಾಗಿಲ್ಲ, ಅದು 1934ರ ಪೆಟ್ರೋಲಿಯಂ ಕಾಯ್ದೆಯ ಮಾತು. ಅಷ್ಟು ಇಡುವ ಅಗತ್ಯವೂ ನಮಗಿಲ್ಲ. ಎರಡು ವಾರಕ್ಕೆ ಬೇಕಾದಷ್ಟೇ ತನ್ನಿ. ವ್ಯಾಪಾರ ಚೆನ್ನಾಗಿರುವ ಬಂಕಿನಲ್ಲಿ ತನ್ನಿ. ಆಯಿಲ್ ಬೆರೆಸಿದ್ದನ್ನು ಒಂದು ತಿಂಗಳ ಒಳಗೆ ಮುಗಿಸಿ.

ಈಗ ಮಷೀನ್ ಎತ್ತಿಡುವ ಕ್ರಮ. ಇಲ್ಲಿ ಒಂದು ಹಳೇ ಜಗಳ ಇದೆ. ಟ್ಯಾಂಕ್ ಪೂರ್ತಿ ತುಂಬಿಸಿ ಇಡಬೇಕೋ, ಖಾಲಿ ಮಾಡಿ ಇಡಬೇಕೋ? ನನಗೆ ಕೆಲಸ ಕಲಿಸಿದ ಗುರುಗಳು "ತುಂಬಿಸಿಡು" ಅನ್ನುತ್ತಿದ್ದರು. ಒಳಗೆ ಗಾಳಿಗೆ ಜಾಗ ಇಲ್ಲದಿದ್ದರೆ ಬೆವರುವುದೂ ಇಲ್ಲ, ಕಬ್ಬಿಣದ ಟ್ಯಾಂಕ್ ತುಕ್ಕು ಹಿಡಿಯುವುದೂ ಇಲ್ಲ. ಅವರ ಮಾತು ಅವರ ಕಾಲಕ್ಕೆ ಪೂರ್ತಿ ಸರಿ. ಆಗ ಪೆಟ್ರೋಲಿನಲ್ಲಿ ಎಥನಾಲ್ ಇರಲಿಲ್ಲ. ಈಗಿನ ಪೆಟ್ರೋಲನ್ನು ಆರೇಳು ತಿಂಗಳು ತುಂಬಿಸಿಟ್ಟರೆ ಅದು ತಾನೇ ಹಳಸುತ್ತದೆ, ಪೈಪು ಗಟ್ಟಿಯಾಗುತ್ತದೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನಲ್ಲಿ ಅಂಟು ಕಟ್ಟುತ್ತದೆ. ಪ್ಲಾಸ್ಟಿಕ್ ಟ್ಯಾಂಕಿಗೆ ತುಕ್ಕಿನ ಭಯವೂ ಇಲ್ಲ. ಅದಕ್ಕೇ ಪೆಟ್ರೋಲ್ ಮಷೀನು ಯಾವುದೇ ಇರಲಿ, ಖಾಲಿ ಮಾಡಿ ಇಡಿ ಅನ್ನುತ್ತೇನೆ. ಇದರಲ್ಲಿ ನನಗೆ ಅನುಮಾನ ಇಲ್ಲ.

ಖಾಲಿ ಮಾಡುವುದು ಅಂದರೆ ಬಗ್ಗಿಸಿ ಸುರಿದರೆ ಮುಗಿಯಲಿಲ್ಲ. ಮೊದಲು ಮುಚ್ಚಳದ ಸುತ್ತ ಒಣ ಬಟ್ಟೆಯಿಂದ ಒರೆಸಿ. ಆಮೇಲೆ ತೆಗೆದು, ಇದ್ದದ್ದನ್ನು ಗಾಜಿನ ಜಾಡಿಗೆ ಬಗ್ಗಿಸಿ. ಗಾಜಿನದೇ ಯಾಕೆ ಅಂದರೆ ಗೆರೆ ಕಾಣಬೇಕು. ಎರಡು ಪದರ ಕಂಡರೆ ಈ ವರ್ಷ ಎಲ್ಲೋ ನೀರು ಹೋಗಿದೆ ಅಂತ ನಿಮಗೇ ಗೊತ್ತಾಯಿತು. ಒಂದು ಲೋಟ ಹೊಸ ಪೆಟ್ರೋಲ್ ಹಾಕಿ ಕುಲುಕಿ, ಅದನ್ನೂ ಹೊರಗೆ ಸುರಿಯಿರಿ. ಮೂಲೆಯಲ್ಲಿ ಅಂಟಿದ ಹನಿಗಳು ಅದರ ಜೊತೆ ಬರುತ್ತವೆ. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಪೈಪಿನಲ್ಲಿ ಉಳಿದದ್ದು ಮುಗಿದು ತಾನಾಗಿ ನಿಲ್ಲುವವರೆಗೂ ಓಡಲಿ. ನಿಂತ ಮೇಲೆ ಚೋಕ್ ಎಳೆದು ಇನ್ನೊಮ್ಮೆ ಸ್ಟಾರ್ಟ್ ಮಾಡಿ. ಎರಡು ಸಲ ಕೆಮ್ಮಿ ನಿಲ್ಲುತ್ತದೆ. ಈಗ ಒಳಗೆ ಏನೂ ಇಲ್ಲ.

ಸ್ಪ್ರೇಯರ್, ಜನರೇಟರ್, ನೀರಿನ ಪಂಪು, ಈ ಫೋರ್ ಸ್ಟ್ರೋಕ್ ಎಂಜಿನ್‌ಗಳಲ್ಲಿ ಇನ್ನೊಂದು ಕೆಲಸ ಬಾಕಿ ಇರುತ್ತದೆ. ಕಾರ್ಬುರೇಟರಿನ ಕೆಳಗೆ ಬಟ್ಟಲಿನಂಥ ಭಾಗ ಇದೆ. ಎಂಜಿನ್ ತಾನಾಗಿ ನಿಂತರೂ ಆ ಬಟ್ಟಲಿನ ತಳದಲ್ಲಿ ಒಂದೆರಡು ಚಮಚ ಉಳಿದೇ ಇರುತ್ತದೆ. ನೀರಿದ್ದರೆ ಅದೂ ಅಲ್ಲೇ. ಬಟ್ಟಲಿನ ಪಕ್ಕದಲ್ಲಿ ಅಥವಾ ಅಡಿಯಲ್ಲಿ ಒಂದು ಸ್ಕ್ರೂ ಇದೆ, ಅದನ್ನು ಸಡಿಲಿಸಿದರೆ ಹೊರಗೆ ಬರುತ್ತದೆ. ಇದನ್ನು ಮಾಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಈ ಬಟ್ಟಲು ನೋಡಿ. ಒಳಗೆ ಸುಣ್ಣ ಬಳಿದ ಹಾಗೆ ಬಿಳಿ ಪುಡಿ. ನೀರು ನಿಂತು ಲೋಹವನ್ನು ತಿಂದ ಗುರುತು ಅದು. ಆ ಪುಡಿ ಎದ್ದು, ಪೆಟ್ರೋಲ್ ಹಾಯುವ ಜೆಟ್ಟಿನ ತೂತಿಗೆ ಸಿಕ್ಕಿಕೊಳ್ಳುತ್ತದೆ. ಆ ತೂತು ಹೊಲಿಗೆ ಸೂಜಿಗಿಂತ ಸಣ್ಣದು. ಒಂದು ಸ್ಕ್ರೂ ಸಡಿಲಿಸದೆ ಬಿಟ್ಟದ್ದಕ್ಕೆ ಒಬ್ಬ ಬೆಳೆಗಾರರಿಗೆ ಹೊಸ ಕಾರ್ಬುರೇಟರ್ ಹಾಕಿಸಬೇಕಾಯಿತು, ನನಗೆ ಬಹಳ ಬೇಜಾರಾಯಿತು.

ಖಾಲಿ ಇಟ್ಟರೆ ವೀಡ್ ಕಟರಿನ ಕಾರ್ಬುರೇಟರಿನ ಒಳಗಿರುವ ಡಯಾಫ್ರಂ ಅನ್ನುವ ತೆಳು ಪೊರೆ ಒಣಗಿ ಗಟ್ಟಿಯಾಗುತ್ತದೆ ಅಂತ ಕೆಲವರು ಹೇಳುತ್ತಾರೆ. ಆಗಬಹುದು. ಆದರೆ ಡಯಾಫ್ರಂ ಬದಲಿಸುವುದು ಸಣ್ಣ ಖರ್ಚು. ನೀರು ತಿಂದ ಕಾರ್ಬುರೇಟರ್, ಗೀರು ಬಿದ್ದ ಪಿಸ್ಟನ್ ಸಣ್ಣ ಖರ್ಚಲ್ಲ.

ಟ್ಯಾಂಕಿನ ಮುಚ್ಚಳ ತೆಗೆದು ನೆರಳಿನಲ್ಲಿ, ಗಾಳಿ ಆಡುವ ಕಡೆ, ಅರ್ಧ ದಿನ ಬಿಡಿ. ಬಚ್ಚಲ ಒಲೆ, ಅಡಿಕೆ ಬೇಯಿಸುವ ಒಲೆ ಹತ್ತಿರ ಮಾತ್ರ ಬೇಡವೇ ಬೇಡ. ಖಾಲಿ ಟ್ಯಾಂಕಿನ ಆವಿ ತುಂಬಿದ ಟ್ಯಾಂಕಿಗಿಂತ ಬೇಗ ಹತ್ತಿಕೊಳ್ಳುತ್ತದೆ. ಒಣಗಿದ ಮೇಲೆ ಮುಚ್ಚಳ ಭದ್ರ ಮಾಡಿ. ಕಬ್ಬಿಣದ ಟ್ಯಾಂಕಾದರೆ ಎರಡು ಚಮಚ ಎಂಜಿನ್ ಆಯಿಲ್ ಹಾಕಿ ಎಲ್ಲ ಕಡೆ ಹರಡುವ ಹಾಗೆ ತಿರುಗಿಸಿ, ಮಿಕ್ಕಿದ್ದು ಸುರಿದುಬಿಡಿ. ಮಷೀನನ್ನು ನೆಲದ ಮೇಲೆ ಇಡಬೇಡಿ, ಮಳೆಗಾಲದಲ್ಲಿ ನಮ್ಮ ನೆಲವೇ ಬೆವರುತ್ತದೆ. ವೀಡ್ ಕಟರ್ ಜಂತಿಗೆ ನೇತು ಹಾಕಿ. ಪ್ಲಾಸ್ಟಿಕ್ ಸುತ್ತಿ ಬಿಗಿಯಬೇಡಿ. ಒಳಗಿನ ತೇವ ಒಳಗೇ ಉಳಿಯುತ್ತದೆ. ಹಳೇ ಸೀರೆಯೋ ಪಂಚೆಯೋ ಮುಚ್ಚಿದರೆ ಸಾಕು.

ಡೀಸೆಲ್ ವಿಷಯ ಬೇರೆ. ಪವರ್ ಟಿಲ್ಲರಿಗೆ ನನ್ನ ಗುರುಗಳ ಮಾತೇ ಈಗಲೂ ಸರಿ. ಗದ್ದೆ ಕೆಲಸ ಮುಗಿದ ಮೇಲೆ ಟ್ಯಾಂಕ್ ಕಂಠದವರೆಗೆ ತುಂಬಿಸಿ ಇಡಿ. ಅರ್ಧ ಟ್ಯಾಂಕಿನಲ್ಲಿ ಬೆವರಿದ ನೀರು ತಳ ಸೇರುತ್ತದೆ. ಡೀಸೆಲ್ ಮತ್ತು ನೀರು ಸೇರುವ ಗೆರೆಯಲ್ಲಿ ಒಂದು ಬಗೆಯ ಬೂಷ್ಟು ಬೆಳೆಯುತ್ತದೆ, ಫಿಲ್ಟರಿನಲ್ಲಿ ಕಪ್ಪು ಲೋಳೆ ಕಂಡರೆ ಅದೇ. ಮತ್ತೆ ಕೆಲಸ ಶುರು ಮಾಡುವ ದಿನ ಟಿಲ್ಲರ್ ಅಲ್ಲಾಡಿಸುವ ಮೊದಲು ತಳದ ಸ್ಕ್ರೂ ಬಿಚ್ಚಿ ಅರ್ಧ ಲೋಟ ಇಳಿಸಿ. ಅಲ್ಲಾಡಿಸಿದರೆ ನೀರು ಮತ್ತೆ ಡೀಸೆಲಿನ ಜೊತೆ ಕಲಕುತ್ತದೆ.

ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಬರೆಯುತ್ತೇನೆ. ಒಬ್ಬರು ಕೇಳಿದರು, "ಎರಡು ಪದರ ಆದ ಪೆಟ್ರೋಲಿಗೆ ಹೊಸದು ಬೆರೆಸಿ, ಚೆನ್ನಾಗಿ ಕುಲುಕಿ ಹಾಕಿದರೆ ನಡೆಯುತ್ತದಾ?" ನಡೆಯುವುದಿಲ್ಲ. ಕುಲುಕಿದಾಗ ಸೇರಿದ ಹಾಗೆ ಕಾಣುತ್ತದೆ. ಹತ್ತು ನಿಮಿಷ ಇಟ್ಟರೆ ಮತ್ತೆ ಬೇರೆಯಾಗುತ್ತದೆ. ಮೇಲಿನ ಪದರವನ್ನಷ್ಟೇ ತೆಗೆದು ಹಾಕುವುದೂ ಬೇಡ, ಎಥನಾಲ್ ಇಳಿದು ಹೋದ ಮೇಲೆ ಅದು ಮೊದಲಿನ ಪೆಟ್ರೋಲ್ ಅಲ್ಲ. ಅಂಗಡಿಯಲ್ಲಿ ಸಿಗುವ ಔಷಧಿಗಳು ಪೆಟ್ರೋಲ್ ಹಳಸುವುದನ್ನು ನಿಧಾನ ಮಾಡುತ್ತವೆ. ತಳಕ್ಕೆ ಇಳಿದ ನೀರನ್ನು ಮಾಯ ಮಾಡುವುದಿಲ್ಲ.

ಇನ್ನೊಬ್ಬರು ತಾಯಿ ಕೇಳಿದ್ದು, "ಹಾಗಾದರೆ ಅದನ್ನು ಎಲ್ಲಿ ಚೆಲ್ಲುವುದು?" ಇದನ್ನು ಕೇಳಿದ್ದು ನನಗೆ ತುಂಬಾ ಸಂತೋಷವಾಯಿತು. ತೋಟದ ಕಪ್ಪಿಗೆ, ಅಂದರೆ ನೀರು ಬಸಿಯುವ ಕಾಲುವೆಗೆ, ಚೆಲ್ಲಬೇಡಿ, ಅದು ಹಳ್ಳಕ್ಕೆ ಹೋಗುತ್ತದೆ, ಹಳ್ಳದ ನೀರು ಕೆಳಗಿನ ಮನೆಯವರ ಬಾವಿಗೆ ಹೋಗುತ್ತದೆ. ಒಲೆಗೂ ಹಾಕಬೇಡಿ. ಬಿಗಿ ಮುಚ್ಚಳದ ಲೋಹದ ಡಬ್ಬಿಯಲ್ಲಿ ತುಂಬಿ, ಮೇಲೆ ಹೆಸರು ಬರೆದು ನನ್ನ ಅಂಗಡಿಗೆ ತನ್ನಿ. ಹಳೇ ಆಯಿಲ್ ಒಯ್ಯುವವರು ಬಂದಾಗ ಅದನ್ನೂ ಕೊಟ್ಟು ಕಳಿಸುತ್ತೇನೆ. ದುಡ್ಡೇನೂ ಬೇಡ.

ಜಾಡಿ ಇನ್ನೂ ಅರ್ಧ ಗಂಟೆ ಈ ಮೇಜಿನ ಮೇಲೇ ಇರುತ್ತದೆ. ಹತ್ತಿರದಿಂದ ನೋಡಬೇಕು ಅನ್ನುವವರು ಬನ್ನಿ. ಬೀಡಿ ಸೇದುವವರು ಆರಿಸಿ, ಹೊರಗೇ ಹಾಕಿ ಬನ್ನಿ.